ಮಂತ್ರಿಗಳೇ, ಮಳೆ ಬೆಳೆ ಹೇಗಿದೆ? ಕಲ್ಪನೆಯ ರಾಜ್ಯಕ್ಕೊಂದು ಆಡಳಿತ ಕಟ್ಟುವ ಬಗೆ

ಊರ ಹಬ್ಬದ ನಾಟಕಗಳಲ್ಲಿ ಪರದೆ ಸರಿದೊಡನೆ ಬರುವ ಮಾತೊಂದಿದೆ. ಸಿಂಹಾಸನದ ಮೇಲೆ ಕುಳಿತ ರಾಜ ಮೀಸೆ ತಿರುವಿ ಕೇಳುತ್ತಾನೆ: "ಮಂತ್ರಿಗಳೇ, ನಮ್ಮ ರಾಜ್ಯದಲ್ಲಿ ಮಳೆ ಬೆಳೆ ಚೆನ್ನಾಗಿ ಆಗುತ್ತಿದೆಯಷ್ಟೆ?" ಮಂತ್ರಿ ಕೈಮುಗಿದು, "ತಮ್ಮ ಕೃಪೆಯಿಂದ ಪ್ರಜೆಗಳೆಲ್ಲ ಸುಖವಾಗಿದ್ದಾರೆ ಪ್ರಭು" ಎನ್ನುತ್ತಾನೆ. ಅಲ್ಲಿಗೆ ರಾಜ್ಯಭಾರ ಮುಗಿಯಿತು, ನರ್ತಕಿ ಬರುತ್ತಾಳೆ. ಚಿಕ್ಕಂದಿನಲ್ಲಿ ನಗು ತರಿಸುತ್ತಿದ್ದ ಈ ಸಂಭಾಷಣೆ ಈಗ ನನಗೆ ಬೇರೆಯಾಗಿ ಕೇಳಿಸುತ್ತದೆ. ರಾಜನೊಬ್ಬ ಕೇಳಬಹುದಾದ ಪ್ರಶ್ನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ನನಗೆ ಅನುಮಾನ ಇರುವುದು ಉತ್ತರದ ಮೇಲೆ. ಪ್ರಜೆಗಳು ಸುಖವಾಗಿದ್ದಾರೆ ಎಂಬುದು ಆ ಮಂತ್ರಿಗೆ ಗೊತ್ತಾದದ್ದು ಹೇಗೆ?

ಕಳೆದ ವರ್ಷ ಪರಿಚಿತರ ಮಗಳು ತಾನು ಬರೆಯುತ್ತಿರುವ ಕಾದಂಬರಿಯ ಕರಡನ್ನು ಓದಲು ಕೊಟ್ಟಳು. ಮೂರು ಚಂದ್ರರಿರುವ ಲೋಕ, ಮಾತನಾಡುವ ಗಿಡುಗಗಳು, ಮಂಜಿನಲ್ಲಿ ತೇಲುವ ಅರಮನೆ. ಭಾಷೆ ಚೆನ್ನಾಗಿತ್ತು. ಅದರಲ್ಲಿ ರಾಜ ಬೆಳಿಗ್ಗೆ ಗಡಿಕೋಟೆಯ ಬಾಗಿಲು ಮುಚ್ಚಿಸಲು ಆಜ್ಞೆ ಮಾಡುತ್ತಾನೆ, ಮುಂದಿನ ಪುಟದಲ್ಲಿ ಬಾಗಿಲು ಮುಚ್ಚಿಯೇ ಬಿಡುತ್ತದೆ. ಅವಳೇ ಬಿಡಿಸಿದ ಭೂಪಟದ ಪ್ರಕಾರ ಆ ಕೋಟೆ ಇಪ್ಪತ್ತು ದಿನದ ಹಾದಿ. ಅದೇ ರಾಜ ಎಂಬತ್ತು ಸಾವಿರ ಸೈನಿಕರನ್ನು ಬೆಟ್ಟ ದಾಟಿಸುತ್ತಾನೆ. ಅವರು ಏನು ಉಣ್ಣುತ್ತಾರೆ ಎಂಬುದು ಮುನ್ನೂರು ಪುಟಗಳಲ್ಲಿ ಎಲ್ಲಿಯೂ ಇಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಟಿಪ್ಪಣಿಗಳೇ ಬೆಳೆದು ಈ ಲೇಖನವಾಗಿವೆ.

ಕಲ್ಪನೆಯ ಲೋಕಕ್ಕೆ ಆಡಳಿತ ಬೇಕೆಂದೊಡನೆ ನಾವು ಮೊದಲು ಹುಡುಕುವುದು ಹಣೆಪಟ್ಟಿಯನ್ನು: ರಾಜಪ್ರಭುತ್ವವೇ, ಗಣರಾಜ್ಯವೇ, ಮಾಂತ್ರಿಕರ ಮಂಡಳಿಯೇ? ಹಣೆಪಟ್ಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ವಿಜಯನಗರದಲ್ಲಿಯೂ ರಾಜನಿದ್ದ, ಪೆರು ದೇಶದ ಇಂಕಾಗಳಿಗೂ ರಾಜನಿದ್ದ. ಆದರೆ ಒಬ್ಬ ಬಡ ರೈತನ ಬಾಳಿನಲ್ಲಿ ಆ ಎರಡು ರಾಜ್ಯಗಳಿಗೆ ಅಜಗಜಾಂತರ. ನೋಡಬೇಕಾದದ್ದು ದಾರಿಯನ್ನು. ಅರಮನೆಯಿಂದ ಹೊರಟ ಅಪ್ಪಣೆ ಕೊನೆಯ ಹಳ್ಳಿಯವರೆಗೆ ಯಾರ ಯಾರ ಕೈ ದಾಟಿ ಇಳಿಯುತ್ತದೆ? ಹಳ್ಳಿಯ ಧಾನ್ಯವೂ ಸುದ್ದಿಯೂ ಯಾರ ಯಾರ ಕೈ ದಾಟಿ ಮೇಲಕ್ಕೆ ಏರುತ್ತವೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ರಾಜ್ಯಶಾಸ್ತ್ರದ ಅರ್ಧ ಅಡಗಿದೆ. ನಿಮ್ಮ ಲೋಕದ ಪೂಜಾರಿಗಳು ಯಾರೆಂದು ಗೊತ್ತು ಮಾಡಿಕೊಳ್ಳಿ. ಸಿಂಹಾಸನವನ್ನು ಆಮೇಲೆ ಕೆತ್ತಿಸಬಹುದು.

ಮೊದಲು ಕಣಜ

ಎಂಬತ್ತು ಸಾವಿರ ಸೈನಿಕರ ಲೆಕ್ಕವನ್ನೇ ಹಿಡಿಯೋಣ. ತಲೆಗೆ ದಿನಕ್ಕೆ ಒಂದು ಕಿಲೋ ಧಾನ್ಯ ಎಂದರೂ ದಿನವೊಂದಕ್ಕೆ 80 ಟನ್. ಒಂದು ಎತ್ತಿನ ಗಾಡಿ 500 ಕಿಲೋ ಹೇರುತ್ತದೆ ಎಂದುಕೊಂಡರೆ 160 ಗಾಡಿ. ತಿಂಗಳ ದಂಡಯಾತ್ರೆಗೆ 4,800 ಗಾಡಿ, 9,600 ಎತ್ತು. ಆ ಎತ್ತುಗಳಿಗೂ ಮೇವು ಬೇಕು, ಗಾಡಿ ಹೊಡೆಯುವವನಿಗೂ ಮುದ್ದೆ ಬೇಕು, ಬೆಟ್ಟದ ದಾರಿಯಲ್ಲಿ ಅಚ್ಚು ಮುರಿದರೆ ಬಡಗಿ ಬೇಕು. ಆದ್ದರಿಂದಲೇ ದಖ್ಖನ್ನಿನಲ್ಲಿ ಸೈನ್ಯಗಳ ಹಿಂದೆ ಸಾವಿರಾರು ಹೇರೆತ್ತುಗಳ ಬಂಜಾರರ ತಾಂಡಾಗಳು ಸಾಗುತ್ತಿದ್ದವು. ಮೊಘಲರ ದಂಡಿಗೂ ಅವರೇ ಧಾನ್ಯ ಒದಗಿಸಿದವರು. ಯುದ್ಧದ ಕತೆ ಬರೆಯುವವರಲ್ಲಿ ಹೆಚ್ಚಿನವರು ಕುದುರೆ ಸವಾರನನ್ನು ನಾಯಕನನ್ನಾಗಿ ಮಾಡುತ್ತಾರೆ. ಹೇರೆತ್ತಿನ ತಾಂಡಾದ ನಾಯಕನೊಬ್ಬ ದರ ಏರಿಸಿ ಕುಳಿತರೆ ಇಡೀ ದಂಡು ಬಯಲಿನಲ್ಲಿ ಉಪವಾಸ ಬೀಳುತ್ತದೆ. ಅಂಥ ಕತೆ ಓದಲು ನಾನಂತೂ ಸಿದ್ಧನಿದ್ದೇನೆ.

ಆ ಧಾನ್ಯ ರಾಜನ ಕೈಗೆ ಬರುವುದು ಹೇಗೆ ಎಂಬುದರ ಮೇಲೆ ರಾಜ್ಯದ ಆಕಾರ ನಿಲ್ಲುತ್ತದೆ. ಇಂಕಾಗಳಲ್ಲಿ ನಾಣ್ಯವಿರಲಿಲ್ಲ, ನಾವು ಬಲ್ಲಂಥ ಲಿಪಿಯೂ ಇರಲಿಲ್ಲ. ತೆರಿಗೆ ಎಂದರೆ ದುಡಿಮೆ: ಪ್ರತಿ ಮನೆಯೂ ಸರದಿಯ ಮೇಲೆ ರಸ್ತೆ, ಸೇತುವೆ, ಹೊಲಗಳಲ್ಲಿ ಕೆಲಸ ಮಾಡಬೇಕು. ಹಾಗೆ ಕಟ್ಟಿದ ರಸ್ತೆಗಳ ಉದ್ದ ಸುಮಾರು 40,000 ಕಿಲೋಮೀಟರ್ ಎಂದು ಅಂದಾಜು. ಲೆಕ್ಕವನ್ನೆಲ್ಲ ದಾರದ ಗಂಟುಗಳಲ್ಲಿ ಇಡುತ್ತಿದ್ದರು. ವಿಜಯನಗರದ ದಾರಿ ಬೇರೆ. ಅಲ್ಲಿ ರಾಯರು ಅಮರನಾಯಕರಿಗೆ ಸೀಮೆಗಳನ್ನು ಬಿಟ್ಟುಕೊಟ್ಟರು. ನಾಯಕ ಆ ಸೀಮೆಯ ಕಂದಾಯ ಎತ್ತಿ, ಗೊತ್ತುಪಡಿಸಿದಷ್ಟು ಕುದುರೆ, ಆನೆ, ಕಾಲಾಳುಗಳನ್ನು ಸಾಕಿ, ಅರಮನೆಗೆ ಪಾಲು ಕಳಿಸಬೇಕು. ಪೋರ್ಚುಗೀಸರ ನೂನಿಜ್ ಎಂಬಾತ ಕೃಷ್ಣದೇವರಾಯನ ಬಳಿಕದ ಕಾಲದಲ್ಲಿ ಅಲ್ಲಿದ್ದು, ಯಾವ ನಾಯಕ ಎಷ್ಟು ಕುದುರೆ ಕೊಡಬೇಕು ಎಂದು ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. ಆತ ಕುದುರೆ ವ್ಯಾಪಾರದವನು, ಕಣ್ಣು ಹೋಗಬೇಕಾದಲ್ಲಿಗೇ ಹೋಗಿದೆ.

ಎರಡಕ್ಕೂ ತಕ್ಕ ಬೆಲೆ ತೆರಬೇಕಾಯಿತು. 1532ರಲ್ಲಿ ಕಾಹಾಮಾರ್ಕದಲ್ಲಿ ನೂರೆಪ್ಪತ್ತಕ್ಕೂ ಕಡಿಮೆ ಸ್ಪೇನಿನವರು ಇಂಕಾ ಅರಸ ಅತಾವಾಲ್ಪನನ್ನು ಸೆರೆ ಹಿಡಿದಾಗ ಇಡೀ ಯಂತ್ರವೇ ಸ್ತಬ್ಧವಾಯಿತು. ಎಲ್ಲ ದಾರಗಳೂ ಒಂದೇ ಕೈಯಲ್ಲಿದ್ದವು. ವಿಜಯನಗರ ಹಾಗೆ ಒಮ್ಮೆಗೇ ನಿಲ್ಲಲಿಲ್ಲ. 1565ರ ರಕ್ಕಸಗಿ-ತಂಗಡಗಿಯ ಕಾಳಗದ ಬಳಿಕ ರಾಜಧಾನಿ ಸುಟ್ಟು ಪಾಳುಬಿದ್ದರೂ ಕೆಳದಿ, ಚಿತ್ರದುರ್ಗ, ಮಧುರೆ, ತಂಜಾವೂರು, ಮೈಸೂರು ತಮ್ಮಷ್ಟಕ್ಕೆ ತಾವೇ ರಾಜ್ಯಗಳಾಗಿ ಬೆಳೆದವು. ಕುದುರೆ, ಕಣಜ, ಕಂದಾಯದ ಲೆಕ್ಕ ಎಲ್ಲವೂ ಆಗಲೇ ಅವರ ಬಳಿ ಇತ್ತಲ್ಲ. ನಿಮ್ಮ ಕತೆಯಲ್ಲಿ ಸಾಮ್ರಾಜ್ಯವೊಂದು ಕುಸಿಯುವುದಿದ್ದರೆ ಅದು ಯಾವ ಬಗೆಯಲ್ಲಿ ಕುಸಿಯಬೇಕು ಎಂಬುದು ಅದರ ತೆರಿಗೆಯಲ್ಲಿ ಮೊದಲೇ ಬರೆದಿರುತ್ತದೆ.

ಶಾನುಭೋಗನ ಬಳಪ

ಇನ್ನು ಮಂತ್ರಿಯ ಉತ್ತರಕ್ಕೆ ಬರೋಣ. ಮಳೆ ಬೆಳೆಯ ಸುದ್ದಿ ಅವನಿಗೆ ತಲುಪುವುದು ಹಳ್ಳಿಯ ಲೆಕ್ಕ ಬರೆಯುವ ಒಬ್ಬ ಶಾನುಭೋಗನಿಂದ. ನಮ್ಮ ಹಳೆಯ ಹಳ್ಳಿಯ ವ್ಯವಸ್ಥೆಯಲ್ಲಿ ಹನ್ನೆರಡು ಆಯಗಾರರು ಎನ್ನುತ್ತಿದ್ದರು: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಜೋಯಿಸ ಹೀಗೆ. ಸೀಮೆಯಿಂದ ಸೀಮೆಗೆ ಪಟ್ಟಿ ಬದಲಾಗುತ್ತದೆ. ಇವರಿಗೆ ಸಂಬಳ ಅರಮನೆಯಿಂದ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಪ್ರತಿ ರೈತನ ರಾಶಿಯಿಂದ ಇಷ್ಟಿಷ್ಟು ಆಯ ಎಂದು ಅಳೆದು ಕೊಡುತ್ತಿದ್ದರು. ಕಂದಾಯ ಬಿಟ್ಟುಕೊಟ್ಟ ಮಾನ್ಯದ ಹೊಲಗಳೂ ಇದ್ದವು. ರಾಜ ಬದಲಾದರೂ ಆಯಗಾರ ಬದಲಾಗುತ್ತಿರಲಿಲ್ಲ. ಅರಮನೆಯಲ್ಲಿ ಯಾರು ಯಾರಿಗೆ ವಿಷವಿಟ್ಟರು ಎಂಬುದು ನೀರುಗಂಟಿಗೆ ತಿಳಿಯುವಷ್ಟರಲ್ಲಿ ಎರಡು ಬೆಳೆ ಕೊಯ್ಲಾಗಿರುತ್ತಿತ್ತು. ಅವನು ತೂಬು ಎತ್ತುವ ಹೊತ್ತಿಗೆ ತೂಬು ಎತ್ತುತ್ತಿದ್ದ.

ಶಾನುಭೋಗನ ಕೈಯಲ್ಲಿದ್ದ ಪುಸ್ತಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೇಣಗಲದಿಂದ ಅಡಿಯಗಲದವರೆಗಿನ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ. ಅದಕ್ಕೆ ಎರಡೂ ಕಡೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸುತ್ತಾರೆ. ಬಟ್ಟೆ ಕಪ್ಪಾಗಿ, ಗಡುಸಾಗಿ, ಸ್ಲೇಟಿನಂತಾಗುತ್ತದೆ. ಕತ್ತರಿಸದೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಅಂಟಿಸಿ, ದಾರ ಸುತ್ತಿ ಇಡುತ್ತಾರೆ. ಬರೆಯುವುದು ಬಳಪದಲ್ಲಿ, ಅಕ್ಷರ ಬೆಳ್ಳಗೆ ಮೂಡುತ್ತದೆ. ಇದರ ಹೆಸರು ಕಡತ. ವಿಧಾನಸೌಧದಲ್ಲಿ ಇವತ್ತು ಮೇಜಿನಿಂದ ಮೇಜಿಗೆ ತೆವಳುವ ಕಾಗದದ ಕಟ್ಟಿಗೂ ನಾವು ಇದೇ ಹೆಸರನ್ನು ಉಳಿಸಿಕೊಂಡಿದ್ದೇವೆ.

ಈ ಕಡತದ ಒಂದು ಗುಣ ಕತೆಗಾರರಿಗೆ ಬಂಗಾರ: ಅದನ್ನು ಒರೆಸಿ ಮತ್ತೆ ಬರೆಯಬಹುದು. ಕೆರೆ ಕೆಳಗಿನ ಮೂರು ಎಕರೆ ನೀರಾವರಿಯ ತರಿ ಹೊಲ ಒಂದು ಬೆರಳಿನ ಉಜ್ಜಿಗೆ ಮಳೆ ನಂಬಿದ ಖುಷ್ಕಿಯಾಗಬಹುದು, ಸತ್ತವನ ಹೆಸರು ಇನ್ನೂ ಹತ್ತು ವರ್ಷ ಕಂದಾಯ ಕಟ್ಟಬಹುದು. ಅದಕ್ಕೇ ದಾನ ಕೊಟ್ಟವರು ಕಲ್ಲಿನ ಮೇಲೆ, ತಾಮ್ರದ ಮೇಲೆ ಬರೆಸಿ, ಇದನ್ನು ಅಳಿಸಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಾಪ ಹಾಕಿಸಿದರು. ಶಾಸನದ ಕೊನೆಯ ಆ ಶಾಪಗಳನ್ನು ಓದುವಾಗಲೆಲ್ಲ ನನಗೆ ಬಳಪ ಹಿಡಿದ ಒಬ್ಬ ಮನುಷ್ಯ ಕಾಣಿಸುತ್ತಾನೆ. ನಿಮ್ಮ ಲೋಕದಲ್ಲಿ ದಾಖಲೆ ಯಾವುದರ ಮೇಲೆ ಬರೆಯಲಾಗುತ್ತದೆ, ಅದನ್ನು ಯಾರು ತಿದ್ದಬಲ್ಲರು ಎಂದು ಬರೆದಿಟ್ಟುಕೊಳ್ಳಿ. ಹತ್ತು ಖಡ್ಗಗಳ ಹೆಸರು ಹುಡುಕುವ ಶ್ರಮದ ಹತ್ತನೇ ಒಂದು ಪಾಲು ಸಾಕು.

ಶಾನುಭೋಗನ ಮಾತನ್ನೇ ನಂಬಿಕೊಂಡು ಕೂರಬಾರದೆಂದು ಬಗೆದ ಅರಸರೂ ಇದ್ದರು. ಕೆಳದಿಯ ಶಿವಪ್ಪನಾಯಕ ಹದಿನೇಳನೆಯ ಶತಮಾನದ ನಡುವಿನಲ್ಲಿ ಮಣ್ಣು, ನೀರು, ಇಳುವರಿ ನೋಡಿ ಭೂಮಿಯನ್ನು ದರ್ಜೆ ಮಾಡಿಸಿ ಕಂದಾಯ ಗೊತ್ತು ಮಾಡಿದ. ಅದು ಶಿವಪ್ಪನಾಯಕನ ಶಿಸ್ತು ಎಂದೇ ಹೆಸರಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ಹದಿನೆಂಟು ಇಲಾಖೆಗಳ ಅಠಾರಾ ಕಚೇರಿ ಸ್ಥಾಪಿಸಿದರು. ಅದರಲ್ಲಿ ಅಂಚೆಯದೂ ಒಂದು. ಆ ಅಂಚೆಯವರಿಗೆ ಓಲೆ ಸಾಗಿಸುವುದರ ಜೊತೆಗೆ ತಮ್ಮ ಸೀಮೆಯ ಗುಟ್ಟಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವ ಕೆಲಸವೂ ಇತ್ತು. ಊರಿಗೆ ಕಾಗದ ತರುವವನೇ ಊರಿನ ಕತೆಯನ್ನು ಒಯ್ಯುವವನು. ಕರಡಿನಲ್ಲಿದ್ದ ಮಾತನಾಡುವ ಗಿಡುಗಗಳಿಗೆ ನಾನು ಸೂಚಿಸಿದ ಉದ್ಯೋಗ ಇದೇ.

ದೂರ ಮತ್ತು ದೊರೆ

ಇಪ್ಪತ್ತು ದಿನದ ಹಾದಿಯ ಕೋಟೆಗೆ ಮತ್ತೆ ಹೋಗೋಣ. ಓಲೆ ಹೋಗಿ ಉತ್ತರ ಬರಲು ನಲವತ್ತು ದಿನ ಬೇಕು. ಅಂದಮೇಲೆ ಗಡಿಯ ದುರ್ಗಾಧಿಪತಿಗೆ ತನ್ನ ಬುದ್ಧಿಯಂತೆ ಯುದ್ಧ ಮಾಡುವ, ಸಂಧಿ ಮಾಡಿಕೊಳ್ಳುವ ಅಧಿಕಾರ ಕೊಡಲೇಬೇಕು. ಕೊಟ್ಟ ಮೇಲೆ ಅವನು ಅರ್ಧ ರಾಜ. ಅರ್ಧ ರಾಜ ಪೂರ್ತಿ ರಾಜನಾಗದಂತೆ ತಡೆಯುವುದೇ ಹಳೆಯ ಕಾಲದ ಸಾಮ್ರಾಜ್ಯಗಳ ದಿನನಿತ್ಯದ ತಲೆನೋವು.

ಇದಕ್ಕೆ ಜಪಾನನ್ನು ಆಳುತ್ತಿದ್ದ ಸೇನಾಪತಿ ದೊರೆಗಳಾದ ತೊಕುಗಾವಾ ವಂಶದ ಶೋಗುನರು ಕಂಡುಕೊಂಡ ಉಪಾಯದಷ್ಟು ಚಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. 1635ರಿಂದ ಪ್ರಾಂತದ ಒಡೆಯರು ಒಂದು ವರ್ಷ ತಮ್ಮ ಸೀಮೆಯಲ್ಲಿ, ಮರುವರ್ಷ ರಾಜಧಾನಿ ಎಡೋದಲ್ಲಿ ಇರಬೇಕು ಎಂದು ಕಟ್ಟಳೆಯಾಯಿತು. ಹೆಂಡತಿ, ಉತ್ತರಾಧಿಕಾರಿ ಮಗ ಮಾತ್ರ ಸದಾ ಎಡೋದಲ್ಲೇ. ಒತ್ತೆಯಾಳು ಎಂಬ ಪದವನ್ನೇ ಬಳಸದೆ ಒತ್ತೆಯಾಳು ಇಟ್ಟುಕೊಳ್ಳುವ ವಿಧಾನ. ಅಂತಸ್ತಿಗೆ ತಕ್ಕ ಮೆರವಣಿಗೆಯಲ್ಲಿ ಹೋಗಿ ಬರುವ ಖರ್ಚಿಗೇ ಒಡೆಯರ ಖಜಾನೆ ಬಸಿಯುತ್ತಿತ್ತು. ರಸ್ತೆಯ ಕಟ್ಟೆಗಳಲ್ಲಿ ಕಾವಲುಗಾರರು ಎರಡನ್ನು ಮುಖ್ಯವಾಗಿ ನೋಡುತ್ತಿದ್ದರು: ಒಳಗೆ ಬರುವ ಬಂದೂಕು, ಹೊರಗೆ ಹೋಗುವ ಹೆಂಗಸರು. ರಾಜಧಾನಿಯಿಂದ ಹೆಂಗಸರು ಗುಟ್ಟಾಗಿ ಹೊರಟರೆಂದರೆ ಎಲ್ಲೋ ದಂಗೆಗೆ ಸಿದ್ಧತೆ ನಡೆದಿದೆ ಎಂದೇ ಅರ್ಥ. ಒಂದು ಕಾದಂಬರಿಗೆ ಇಷ್ಟು ಸಾಕಲ್ಲವೇ?

ಸಿಂಹಾಸನ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇರುವುದು ಇತಿಹಾಸದಲ್ಲಿ ಮಾಮೂಲು. ವಿಜಯನಗರದಲ್ಲಿ ಸದಾಶಿವರಾಯ ರಾಜ, ನಡೆದದ್ದು ಅಳಿಯ ರಾಮರಾಯನ ಮಾತು. ಮೈಸೂರಿನಲ್ಲಿ ಹದಿನೆಂಟನೆಯ ಶತಮಾನದ ದಳವಾಯಿಗಳು ಒಡೆಯರನ್ನು ಪಟ್ಟಕ್ಕೆ ಏರಿಸಿದರು, ಇಳಿಸಿದರು. 1761ರಲ್ಲಿ ಹೈದರಲಿ ಅಧಿಕಾರ ಹಿಡಿದ ಮೇಲೂ ಹೆಸರಿಗೆ ಒಡೆಯರೇ ರಾಜರು. ಹೆಸರಿನ ರಾಜನನ್ನು ಯಾಕೆ ಉಳಿಸಿಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಜನ ಕಂದಾಯ ಕೊಡುವುದು ಹೆದರಿ ಮಾತ್ರವಲ್ಲ, ಒಪ್ಪಿಯೂ ಕೊಡುತ್ತಾರೆ. ಆ ಒಪ್ಪಿಗೆ ಹಳೆಯ ವಂಶದ ಹೆಸರಿಗೆ ಅಂಟಿಕೊಂಡಿರುತ್ತದೆ. ಕತ್ತಿಯಿಂದ ಅದನ್ನು ಕೀಳಲು ಬರುವುದಿಲ್ಲ.

ರಾಜ ಸತ್ತ ರಾತ್ರಿ

ಒಂದು ಆಡಳಿತ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ರಾಜ ಸತ್ತ ರಾತ್ರಿ. ಹಿರಿಯ ಮಗನಿಗೆ ಪಟ್ಟ ಎಂಬುದು ನಾವು ಯೋಚಿಸದೆ ಹಾಕುವ ನಿಯಮ. ಲೋಕದಲ್ಲಿ ಇರುವ ಬಗೆಗಳು ಹಲವು. ತಿರುವಾಂಕೂರಿನಲ್ಲಿ ಪಟ್ಟ ಸೋದರಳಿಯನಿಗೆ ಹೋಗುತ್ತಿತ್ತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿಯ ದಾರಿಯೂ ಅದೇ. ಅಂಥ ಕಡೆ ರಾಜನ ಹೆಂಡತಿಗಿಂತ ರಾಜನ ತಂಗಿಯ ಮಾತಿಗೆ ತೂಕ ಹೆಚ್ಚು. ಅಂತಃಪುರದ ಒಳಸಂಚುಗಳ ದಿಕ್ಕೇ ತಿರುಗಿಬಿಡುತ್ತದೆ. ಓಟೋಮನ್ ತುರ್ಕರಲ್ಲಿ ಗಂಡುಮಕ್ಕಳಲ್ಲಿ ಗೆದ್ದವನಿಗೆ ಪಟ್ಟ, ಪಟ್ಟಕ್ಕೆ ಬಂದವನು ಅಣ್ಣತಮ್ಮಂದಿರನ್ನು ಕೊಲ್ಲಿಸಬಹುದು ಎಂಬ ಕಟ್ಟಳೆಯಿತ್ತು. 1595ರಲ್ಲಿ ಮೂರನೆಯ ಮೆಹಮದ್ ಒಂದೇ ಸಲಕ್ಕೆ ಹತ್ತೊಂಬತ್ತು ಮಂದಿ ಸೋದರರನ್ನು ಕೊಲ್ಲಿಸಿದ. ಮುಂದೆ ಕೊಲ್ಲುವುದನ್ನು ಬಿಟ್ಟು ಅರಮನೆಯೊಳಗೇ ಕೂಡಿಹಾಕತೊಡಗಿದರು. ಆಮೇಲೆ ಬಂದ ಎಷ್ಟೋ ಸುಲ್ತಾನರು ಪಟ್ಟವೇರುವ ದಿನದವರೆಗೆ ಹೊರಗಿನ ಬೀದಿಯನ್ನೇ ಸರಿಯಾಗಿ ಕಂಡವರಲ್ಲ.

ಇಂಕಾಗಳದು ಇನ್ನೂ ವಿಚಿತ್ರ. ಸತ್ತ ಅರಸನ ದೇಹವನ್ನು ಕೆಡದಂತೆ ಕಾಪಿಟ್ಟು, ಅವನ ಹೊಲ ಅರಮನೆಗಳನ್ನು ಅವನ ಹೆಸರಿನಲ್ಲೇ ಅವನ ವಂಶದವರು ನೋಡಿಕೊಳ್ಳುತ್ತಿದ್ದರು. ಹಬ್ಬಗಳಲ್ಲಿ ಸತ್ತ ಅರಸರನ್ನು ಹೊತ್ತು ತಂದು ಸಾಲಾಗಿ ಕೂರಿಸುತ್ತಿದ್ದರು. ಹೊಸ ಅರಸನಿಗೆ ಬರುವುದು ಪಟ್ಟ ಮಾತ್ರ, ಆಸ್ತಿಯಲ್ಲ. ಅವನು ಹೊಸ ನೆಲ ಗೆದ್ದೇ ತನ್ನ ಸಂಪತ್ತು ಕಟ್ಟಿಕೊಳ್ಳಬೇಕು. ಹೆಣಗಳೇ ಜಮೀನುದಾರರಾದ ರಾಜ್ಯ ದಿಗ್ವಿಜಯಕ್ಕೆ ಹೊರಡದೆ ಇನ್ನೇನು ಮಾಡೀತು? ಇಂಥದ್ದನ್ನು ನಾವೇ ಕಟ್ಟಿ ಹೇಳಿದ್ದರೆ ಓದುಗರು ಅತಿಯಾಯಿತು ಎನ್ನುತ್ತಿದ್ದರು.

ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ, ಅವನ ಹೆಂಡತಿ, ಜೊತೆಯ ಗರುಡರು ಎಂಬ ಅಂಗರಕ್ಷಕರು ರಾಜನೊಡನೆಯೇ ಸಾಯುವ ವ್ರತ ತೊಟ್ಟು ಹಾಗೆಯೇ ಸತ್ತರೆಂದು ಅದು ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆಗಳಿವೆ. ಭಕ್ತಿ, ನಿಷ್ಠೆ ಎಲ್ಲ ಸರಿ. ಆಡಳಿತದ ಕಣ್ಣಿನಿಂದ ನೋಡಿದರೆ ಅಂಗರಕ್ಷಕನನ್ನು ಕೊಂಡುಕೊಳ್ಳುವುದು ಹೇಗೆ ಎಂಬ ಶತ್ರುವಿನ ಪ್ರಶ್ನೆಗೆ ಅದು ಉತ್ತರ. ರಾಜನ ಸಾವಿನಿಂದ ಯಾವ ಲಾಭವೂ ಆಗದವರನ್ನೇ ಅವನ ಸುತ್ತ ನಿಲ್ಲಿಸಿದ್ದಾರೆ.

ಚುನಾವಣೆಯ ರಾಜ್ಯ ಕಟ್ಟುವವರಿಗೆ ಎರಡು ಊರುಗಳನ್ನು ತೋರಿಸುತ್ತೇನೆ. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಮೊದಲನೆಯ ಪರಾಂತಕ ಚೋಳನ ಕಾಲದ 919 ಮತ್ತು 921ರ ಶಾಸನಗಳಿವೆ. ಊರಿನ ಸಭೆಗೆ ಆಯ್ಕೆ ನಡೆಯಬೇಕಾದ ಬಗೆ ಅಲ್ಲಿ ಗೋಡೆಯ ಮೇಲಿದೆ. ಮೂವತ್ತು ಕೇರಿಗಳು. ವಯಸ್ಸು ಮೂವತ್ತೈದರ ಮೇಲೆ, ಎಪ್ಪತ್ತರ ಕೆಳಗೆ. ತೆರಿಗೆ ಕಟ್ಟುವ ಸ್ವಂತ ಭೂಮಿ, ಸ್ವಂತ ಮನೆ, ವೇದಜ್ಞಾನ ಇರಬೇಕು. ಕಳೆದ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವನು ಆಗದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಆಗದು, ಅವನ ನೆಂಟರೂ ಆಗದು. ನೆಂಟರ ಪಟ್ಟಿ ಓದಿದರೆ ನಗು ಬರುವಷ್ಟು ಉದ್ದವಿದೆ. ಷಡ್ಡಕನನ್ನೂ ಭಾವಮೈದುನನನ್ನೂ ಹೆಸರಿಸಿ ಹೊರಗಿಟ್ಟಿದ್ದಾರೆ. ಅನುಭವವಿಲ್ಲದೆ ಯಾರೂ ಹಾಗೆ ಬರೆಯುವುದಿಲ್ಲ. ಅರ್ಹರ ಹೆಸರನ್ನು ಓಲೆಗರಿಯಲ್ಲಿ ಬರೆದು ಕೊಡದಲ್ಲಿ ಹಾಕಿ ಕುಲುಕಿ, ಒಳಗೇನಿದೆಯೆಂದು ಅರಿಯದ ಎಳೆಯ ಹುಡುಗನ ಕೈಯಿಂದ ತೆಗೆಸುತ್ತಿದ್ದರು. ಹೆಂಗಸರಿಗೂ ಭೂಮಿಯಿಲ್ಲದವರಿಗೂ ಅಲ್ಲಿ ಜಾಗವಿರಲಿಲ್ಲ ಎಂಬುದನ್ನೂ ಹೇಳಬೇಕು. ಅದನ್ನು ನಮ್ಮ ಕಾಲದ ಪ್ರಜಾಪ್ರಭುತ್ವ ಎಂದು ಕೊಂಡಾಡುವವರ ಜೊತೆ ನಾನು ಸೇರುವುದಿಲ್ಲ.

ಇನ್ನೊಂದು ಊರು ವೆನಿಸ್. ಅಲ್ಲಿನ ಮುಖ್ಯಸ್ಥ ದೋಜನನ್ನು ಆರಿಸಲು 1268ರಲ್ಲಿ ಮಾಡಿದ ನಿಯಮ ಹೀಗಿತ್ತು: ಮಹಾಸಭೆಯಿಂದ ಚೀಟಿ ಎತ್ತಿ 30 ಮಂದಿ, ಅವರಲ್ಲಿ ಚೀಟಿ ಎತ್ತಿ 9, ಆ 9 ಮಂದಿ 40 ಜನರನ್ನು ಆರಿಸಬೇಕು, ಅದು ಚೀಟಿಯಲ್ಲಿ 12ಕ್ಕೆ ಇಳಿಯಬೇಕು, ಅವರು 25 ಮಂದಿಯನ್ನು ಆರಿಸಬೇಕು, ಅದು 9ಕ್ಕೆ ಇಳಿದು, 45ಕ್ಕೆ ಏರಿ, 11ಕ್ಕೆ ಇಳಿದು, ಕಡೆಗೆ 41 ಆಗಿ, ಆ 41 ಮಂದಿ ದೋಜನನ್ನು ಆರಿಸಬೇಕು. ಲಂಚ ಕೊಡಬೇಕೆಂದವನಿಗೆ ಯಾರಿಗೆ ಕೊಡಬೇಕೆಂದೇ ತಿಳಿಯಬಾರದು. ಹುಚ್ಚರ ಸಂತೆಯಂತೆ ಕಾಣುವ ಈ ಪದ್ಧತಿ 1797ರಲ್ಲಿ ಗಣರಾಜ್ಯವೇ ಅಳಿಯುವವರೆಗೆ ನಡೆಯಿತು. ಅಲ್ಲಿಯೂ ಚೀಟಿಯಂತೆ ಬಳಸುತ್ತಿದ್ದ ಸಣ್ಣ ಗುಂಡುಗಳನ್ನು ಎತ್ತಲು ಬೀದಿಯಲ್ಲಿ ಸಿಕ್ಕ ಹುಡುಗನನ್ನೇ ಕರೆತರುತ್ತಿದ್ದರು. ಒಂದನ್ನೊಂದು ಕೇಳಿಯೂ ಅರಿಯದ ಎರಡು ಊರುಗಳು ಕಡೆಗೆ ನಂಬಿದ್ದು ಒಂದು ಮಗುವಿನ ಕೈಯನ್ನು.

ಮಂತ್ರ ಬಂದಾಗ

ಇಷ್ಟರ ಮೇಲೆ ಮಾಯೆಯನ್ನು ತನ್ನಿ. ಓಲೆ, ಕಣಜ, ಸಾಕ್ಷಿ, ಕೋಟೆ: ನಿಮ್ಮ ಲೋಕದ ಮಂತ್ರ ಇವುಗಳಲ್ಲಿ ಯಾವುದರ ಜಾಗಕ್ಕೆ ಬರುತ್ತದೆ ಎಂದು ನೋಡುವುದು ನನ್ನ ರೂಢಿ. ಕನ್ನಡಿಯಲ್ಲಿ ಕ್ಷಣಮಾತ್ರದಲ್ಲಿ ಮಾತು ಮುಟ್ಟುವುದಾದರೆ ಗಡಿಯ ಅರ್ಧ ರಾಜ ಮಾಯವಾಗುತ್ತಾನೆ, ದುರ್ಗಾಧಿಪತಿ ಬರೀ ನೌಕರನಾಗುತ್ತಾನೆ, ಕನ್ನಡಿ ಕಾಯುವವನು ಬಲಿಯುತ್ತಾನೆ. ಡ್ರಾಗನ್ ಹಾರುವ ಲೋಕದಲ್ಲಿ ಏಳು ಸುತ್ತಿನ ಕೋಟೆ ಕಟ್ಟುವವನು ಮೂರ್ಖ. ಸಾವಿರ ವರ್ಷ ಬದುಕುವ ಜನರಿಗೆ ಯುವರಾಜನ ಪಟ್ಟ ಎಂಟುನೂರು ವರ್ಷದ ಶಿಕ್ಷೆ. ಸತ್ತವರು ಬಂದು ನುಡಿಯುವುದಾದರೆ ಆಸ್ತಿಯ ವ್ಯಾಜ್ಯ ಮುಗಿಯುವುದೇ ಇಲ್ಲ. ತುಳುನಾಡಿನಲ್ಲಿ ದೈವದ ಮುಂದೆ ವ್ಯಾಜ್ಯ ಇಡುವ, ದೈವದ ನುಡಿಗೆ ತಲೆಬಾಗುವ ರೂಢಿ ಇದೆ. ಅಲ್ಲಿ ಗುತ್ತು ಎನ್ನುವ ದೊಡ್ಡ ಮನೆತನದ ಯಜಮಾನನೂ ದೈವದ ಎದುರು ಕೈಮುಗಿದು ನಿಲ್ಲುತ್ತಾನೆ, ವರ್ಷವಿಡೀ ಅವನ ಮನೆಯಂಗಳದ ಹೊರಗೇ ನಿಲ್ಲಬೇಕಾದ ಮನುಷ್ಯನ ಬಾಯಿಂದ ಆ ನುಡಿ ಬರುತ್ತದೆ. ಮಾಯೆ ಮತ್ತು ಅಧಿಕಾರ ಮುಖಾಮುಖಿಯಾಗುವ ಜಾಗವನ್ನು ಕಾಣಬೇಕೆಂದರೆ ದೂರ ಹೋಗಬೇಕಿಲ್ಲ.

ಒಂದನ್ನು ಪೂರ್ತಿ ಕಟ್ಟಿ ತೋರಿಸುತ್ತೇನೆ. ಹೆಸರು ಮುಗಿಲನಾಡು ಎಂದಿರಲಿ. ಅಲ್ಲಿ ನಲವತ್ತು ಜನ ಮಳೆ ಕರೆಯಬಲ್ಲರು. ಅವರು ಮಳೆಯನ್ನು ಸೃಷ್ಟಿಸಲಾರರು, ಬೇರೆ ಕಡೆಯ ಮೋಡವನ್ನು ಎಳೆದು ತರಬಲ್ಲರು, ಅಷ್ಟೇ. ಒಂದು ಸೀಮೆಗೆ ಸುರಿದರೆ ಇನ್ನೊಂದು ಸೀಮೆಗೆ ಇಲ್ಲ. ಮಾಯೆಗೆ ಹಾಕಿದ ಈ ಒಂದು ಮಿತಿಯಿಂದಲೇ ಆಡಳಿತ ಹುಟ್ಟುತ್ತದೆ. ಯಾರಿಗೆ ಮೊದಲು ಎಂದು ಹೇಳಲು ಪಾಳಿ ಬೇಕು, ಪಾಳಿ ಬರೆಯಲು ಒಬ್ಬ ಮೋಡದ ಶಾನುಭೋಗ ಬೇಕು. ಮಳೆ ಕರೆಯುವವರು ತಮ್ಮೂರಿನ ಪರ ವಹಿಸಬಾರದೆಂದು ಅವರನ್ನು ಏಳನೆಯ ವಯಸ್ಸಿಗೇ ರಾಜಧಾನಿಗೆ ತಂದು ಸಾಕುತ್ತಾರೆ. ಓಟೋಮನ್ನರು ಬಾಲ್ಕನ್ನಿನ ಹುಡುಗರನ್ನು ಹೀಗೆಯೇ ತಂದು ಜಾನಿಸರಿ ಪಡೆ ಕಟ್ಟಿದ್ದರು; ಮುಂದೆ ಆ ಪಡೆಯೇ ಸುಲ್ತಾನರನ್ನು ಇಳಿಸತೊಡಗಿತು. ಮುಗಿಲನಾಡಿನ ನಲವತ್ತು ಮಂದಿಗೂ ತಮ್ಮ ಬೆಲೆ ಎಂದಾದರೂ ತಿಳಿಯದೆ ಇರದು. ಪಕ್ಕದ ರಾಜ್ಯದವರು ನಮ್ಮ ಆಕಾಶ ಕದ್ದಿರಿ ಎಂದು ದೂತರನ್ನು ಕಳಿಸುತ್ತಾರೆ, ಆಗ ಸಂಧಿ, ಯುದ್ಧಗಳ ವ್ಯವಹಾರ ನೋಡುವ ಸಂಧಿವಿಗ್ರಹಿಗೆ ಕೆಲಸ. ಈ ಹಳೆಯ ಹೆಸರುಗಳನ್ನು ಧಾರಾಳವಾಗಿ ಬಳಸಿ ಎಂದು ನನ್ನ ಸಲಹೆ: ಸುಂಕದ ಹೆಗ್ಗಡೆ, ಶ್ರೀಕರಣ, ಸೇನಬೋವ, ನಾಳ್ಗಾವುಂಡ. ಶಾಸನಗಳಲ್ಲಿ ಇವು ರಾಶಿ ಬಿದ್ದಿರುವಾಗ "ಉನ್ನತ ಮಾಂತ್ರಿಕ ಪರಿಷತ್ತಿನ ಅಧ್ಯಕ್ಷ" ಎಂದೇಕೆ ಬರೆಯಬೇಕು?

ಇದನ್ನು ಕಟ್ಟುವಾಗ ನಾನೇ ಎಣಿಸದ ಒಂದು ಸಂಗತಿ ಎದುರಾಯಿತು. ಮಳೆ ಹೋದ ವರ್ಷ ರೈತ ಕಂದಾಯದ ಮಾಫಿ ಕೇಳುತ್ತಾನೆ. ಎಲ್ಲ ರಾಜ್ಯಗಳಲ್ಲಿಯೂ ರಾಜ ದೇವರ ಕಡೆ ಕೈ ತೋರಿಸಿ, ಒಂದಿಷ್ಟು ಬಿಟ್ಟು, ಕರುಣಾಳು ಎನಿಸಿಕೊಳ್ಳುತ್ತಾನೆ. ಮುಗಿಲನಾಡಿನಲ್ಲಿ ಆ ದಾರಿ ಮುಚ್ಚಿದೆ. ಬರ ಬಂದರೆ ಅದು ಕಚೇರಿಯ ತೀರ್ಮಾನ, ರಾಜನ ರುಜು ಅದರ ಕೆಳಗಿದೆ. ಇಷ್ಟು ದೊಡ್ಡ ಹೊಣೆಯನ್ನು ಯಾವ ರಾಜವಂಶ ಎರಡು ತಲೆಮಾರು ಹೊತ್ತೀತು? ಬೇಗನೆ ಅವರು ಅದನ್ನು ತಲೆಯಿಂದ ಇಳಿಸಲು ಉಪಾಯ ಹುಡುಕುತ್ತಾರೆ. ಪಾಳಿಯನ್ನು ಕೊಡದ ಚೀಟಿಗೆ ಬಿಡುತ್ತಾರೆ. ಹಳ್ಳಿಗಳ ಹೆಸರನ್ನು ಓಲೆಗರಿಯಲ್ಲಿ ಬರೆದು, ತುಂಬಿದ ಸಭೆಯಲ್ಲಿ ಕುಲುಕಿ, ಬೀದಿಯಿಂದ ಕರೆತಂದ ಹುಡುಗನ ಕೈಯಿಂದ ತೆಗೆಸುತ್ತಾರೆ. ಇನ್ನು ಮೇಲೆ ಬರಕ್ಕೆ ಯಾರೂ ಹೊಣೆಯಲ್ಲ.

ಕರಡು ಕೊಟ್ಟ ಹುಡುಗಿಗೆ ಇದನ್ನೆಲ್ಲ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿ ತೆಗೆದಾದ ಮೇಲೆ ಅದನ್ನು ಓದುವವರು ಯಾರು?" ಎಂದು ಕೇಳಿದಳು. ಹುಡುಗನಿಗೆ ಓದು ಬಾರದು. ರಾಜ ದೂರದಲ್ಲಿ ಎತ್ತರದ ಪೀಠದ ಮೇಲಿದ್ದಾನೆ. ಗರಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ಹೆಸರು ಕೂಗುವವನು, ಆಮೇಲೆ ಅದನ್ನು ಕಡತಕ್ಕೆ ಏರಿಸುವವನು ಮೋಡದ ಶಾನುಭೋಗ. ಅವಳು ಈಗ ಹೊಸದಾಗಿ ಬರೆಯುತ್ತಿರುವ ಕಾದಂಬರಿಯಲ್ಲಿ ಮೂರು ಚಂದ್ರರಿಲ್ಲ. ಮೊದಲ ಪುಟದಲ್ಲಿ ರಾಜ ಮಂತ್ರಿಯನ್ನು ಮಳೆ ಬೆಳೆ ಹೇಗಿದೆ ಎಂದು ಕೇಳುತ್ತಾನೆ, ಮಂತ್ರಿ ಪಕ್ಕಕ್ಕೆ ತಿರುಗುತ್ತಾನೆ, ಕಂಬದ ನೆರಳಿನಲ್ಲಿ ಕುಳಿತ ಮುದುಕನೊಬ್ಬ ಕಡತದ ದಾರ ಬಿಚ್ಚಿ, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಳ್ಳುತ್ತಾನೆ.